ಕುರುಗೋಡಿಗೆ ಬಾರದ ರೀಲು

ಈರಮ್ಮ ಗಂಡನ ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಹೂತು ಮುಚ್ಚಳ ಬಿಗಿ ಮಾಡಿದಳು. ಕನ್ನಡಕವಿಲ್ಲದೆ ಅದ್ಯಾವ ಸಿನಿಮಾ ನೋಡುತ್ತಾನೋ ನೋಡೇಬಿಡೋಣ.

ಮಾರೆಣ್ಣ ಹುಡುಕಿದ, ಗೊಣಗಿದ. ಅಷ್ಟರಲ್ಲಿ ಅಕ್ಕಿ ತೆಗೆಯಲು ಹೋದ ಸೊಸೆ ಹೇಮಾಳ ಕೈಗೆ ಕನ್ನಡಕ ಸಿಕ್ಕಿತು. ಅತ್ತೆಗೆ ಮರೆವು ಶುರುವಾಯಿತೆಂದು ಪಾಪ, ಅವಳು ಮರುಗಿದಳು. ಟಿಕೆಟ್ ತರಿಸಿದವಳೂ ಅವಳೇ. ಬಳ್ಳಾರಿಯ ಸಿನಿಮಾ ಸಂಘವೊಂದು ಭಾನುವಾರಕ್ಕೊಂದು ವಿಚಿತ್ರ ಹಳೆಯ ಚಿತ್ರ ಹಾಕುತ್ತಿತ್ತು. ಒಮ್ಮೆ ದೆವ್ವದ್ದು, ಒಮ್ಮೆ ಮಾಯಾಮಂತ್ರದ್ದು. ಈ ವಾರ ಕೊಲೆಯದು. ಅದೇ ಚಿತ್ರ.

ಅವರ ಮದುವೆಗೂ ಮುಂಚಿನ ಕಾಲದಲ್ಲಿ ಸಿರುಗುಪ್ಪ, ಕುರುಗೋಡು ಎರಡೂ ಊರಿನ ಟೆಂಟು ಸಿನಿಮಾಕ್ಕೆ ಒಂದೇ ಪ್ರಿಂಟು. ಸಿರುಗುಪ್ಪದಲ್ಲಿ ಓಡಿದ ರೀಲು ಬಸ್ಸಿನಲ್ಲಿ ಕುರುಗೋಡಿಗೆ ಬರಬೇಕು. ಒಂದು ದಿನ ಬಸ್ಸು ಕಾಲುವೆ ದಂಡೆಯಲ್ಲಿ ಕೆಟ್ಟು ನಿಂತು ಈ ಕೊಲೆಯ ಚಿತ್ರದ ಕೊನೆಯ ರೀಲು ಬರಲೇ ಇಲ್ಲ. ಕೊಂದವರು ಯಾರೆಂದು ತಿಳಿಯದೆ ಕುರುಗೋಡಿನ ಜನ ಬೆಂಚು ಮುರಿದರು, ಟೆಂಟು ಊರನ್ನೇ ಬಿಟ್ಟಿತು. ಅಂದು ಆ ಬೆಂಚಿನ ಮೇಲಿದ್ದ ಮಾರೆಣ್ಣ ಆಮೇಲೆ ಸಿರುಗುಪ್ಪಕ್ಕೆ ಹೆಣ್ಣು ನೋಡಲು ಬಂದಾಗ ಈರಮ್ಮನನ್ನು ಕೇಳಿದ್ದು ಒಂದೇ ಮಾತು: ಕೊಲೆ ಮಾಡಿದವರು ಯಾರು?

ಈರಮ್ಮ ಸಿರುಗುಪ್ಪದ ಟೆಂಟಿನೊಳಗೆ ಕಾಲಿಟ್ಟವಳೇ ಅಲ್ಲ, ಅಪ್ಪ ಬಿಡುತ್ತಿರಲಿಲ್ಲ. ಆದರೆ ಹುಡುಗ ಮನಸ್ಸಿಗೆ ಹಿಡಿಸಿಬಿಟ್ಟಿದ್ದ. ಗೊತ್ತಿಲ್ಲವೆಂದರೆ ಎದ್ದು ಹೋದಾನೆಂದು ಹೆದರಿ, ಡಾಕ್ಟರೇ ಕೊಂದದ್ದು, ಕೆಂಪು ಸೀರೆಯ ತಂಗಿ ಅವನನ್ನು ಹಿಡಿದುಕೊಟ್ಟಳು ಎಂದು ಬಾಯಿಗೆ ಬಂದದ್ದು ಹೇಳಿದಳು. ಮಾರೆಣ್ಣ ನಕ್ಕು ಒಪ್ಪಿಕೊಂಡ. ಅಂದಿನಿಂದ ಮನೆಗೆ ಯಾರೇ ಬರಲಿ, ಆ ಕಥೆಯನ್ನು ಅವಳಿಂದ ಹೇಳಿಸದೆ ಬಿಟ್ಟವನಲ್ಲ. ತಾನಾಗಿ ಒಮ್ಮೆಯೂ ಹೇಳಲಿಲ್ಲ. ಸುಳ್ಳಿನ ಮೇಲೆ ನಿಂತ ಸಂಸಾರವೆಂದು ಅವಳು ಮಾತ್ರ ಒಳಗೊಳಗೇ ಅಂಜುತ್ತಿದ್ದಳು.

ಭಾನುವಾರ ಬಳ್ಳಾರಿ ಬಸ್ಸಿನಲ್ಲಿ ಈರಮ್ಮ ಹೊಟ್ಟೆನೋವೆಂದಳು. ಅವನು ಇಳಿದ ಮೇಲೆ ಸೋಡಾ ಕುಡಿಸಿ ಒಳಗೆ ಕರೆದೊಯ್ದ.

ಪರದೆ ಬೆಳಗಿತು. ಚಿತ್ರ ಕಪ್ಪು ಬಿಳುಪು. ಇದರಲ್ಲಿ ಕೆಂಪು ಎಲ್ಲಿಂದ ಬರಬೇಕು? ಉಳಿದ ರೀಲೆಲ್ಲ ನೋಡಿದ್ದವನು ಕೆಂಪು ಸೀರೆ ಅಂದಾಗಲೇ ಹಿಡಿಯಲಿಲ್ಲವೇ? ಗಂಡಸರು ಸೀರೆಯ ಬಣ್ಣ ಎಲ್ಲಿ ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ಆ ಸಮಾಧಾನವೂ ಬಹಳ ಹೊತ್ತು ಉಳಿಯಲಿಲ್ಲ. ಕೊಂದವನು ಡಾಕ್ಟರಲ್ಲ, ಮನೆಯ ಮುದಿ ವಕೀಲ. ತಂಗಿ ಎಂಬುವಳು ಕಥೆಯಲ್ಲೇ ಇರಲಿಲ್ಲ.

ದೀಪಗಳು ಹತ್ತಿದವು. ಜನ ಎದ್ದರು. ಮಾರೆಣ್ಣ ಕೂತೇ ಇದ್ದ. ಗಂಡನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

“ನಾ ಇದನ್ನ ಮೊದ್ಲ ನೋಡೀನಿ,” ಎಂದ ಅವನು ಮೆಲ್ಲಗೆ. “ಇದ ಬಳ್ಳಾರಿಯಾಗ. ನಿನ್ನ ನೋಡಾಕ ಬರೋ ಮುಂಚೇನ.”

ಈರಮ್ಮ ಅವನತ್ತ ತಿರುಗಿದಳು. “ಹಂಗಾದ್ರ ನನ್ನ ಯಾಕ ಕೇಳಿದ್ರಿ?”

“ನೋಡಿದ ಹುಡುಗ್ಯಾರಿಗೆಲ್ಲ ಕೇಳಿದ್ನಿ. ಉಳದೋರು ಗೊತ್ತಿಲ್ಲ ಅಂದು ಒಳಗ ಹೋದ್ರು. ನಾ ಎದ್ದು ಹೋಗಬಾರದಂತ ಸುಳ್ಳು ಹೇಳಿದಾಕಿ ನೀ ಒಬ್ಬಾಕಿನ.”