ಕರಿಗಲ್ಲಿನ ಡಬ್ಬಿ

ಬೇಸಿಗೆಯ ಬಿಸಿಲು ಇಳಿಯುತ್ತಿತ್ತು. ತಮ್ಮನ ಸರದಿಯ ಕಾಲುವೆ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡು ಕೆಸರುಗಾಲಲ್ಲೇ ಮನೆಗೆ ಬಂದ ಅಣ್ಣ, ಕಿಟಕಿಯಲ್ಲಿದ್ದ ಡಬ್ಬಿಗೆ ಕರಿಗಲ್ಲೊಂದನ್ನು ಹಾಕಿದ. ದಿನದಲ್ಲಿ ತಾನು ಮಾಡಿದ ಒಳ್ಳೆಯದಕ್ಕೆ ಬಿಳಿಗಲ್ಲು, ಕೆಟ್ಟದ್ದಕ್ಕೆ ಕರಿಗಲ್ಲು. ಮದುವೆಯಾದಾಗಿನಿಂದ ಅವನ ರೂಢಿ.

ಅಷ್ಟರಲ್ಲಿ ತಮ್ಮ ಬಾಗಿಲಿಗೆ ಬಂದ. "ಅಣ್ಣಾ, ನನ್ನ ಸಸಿಯೆಲ್ಲ ಬಾಡಿ ಮಲಗಿಬಿಟ್ಟಿವೆ. ಇವತ್ತು ಕಾಲುವೇಲಿ ನೀರೇ ಬರಲಿಲ್ವಾ?"

"ಎಲ್ಲಿಂದ ಬರುತ್ತೆ, ಬೇಸಿಗೆ ಅಲ್ವೇನೋ."

ತಮ್ಮ ತಲೆಯಾಡಿಸಿ ಹೋದ. ಅಣ್ಣ ಇನ್ನೊಂದು ಕರಿಗಲ್ಲು ಎತ್ತಿಕೊಂಡ. ಕರಿಗಲ್ಲುಗಳಿಂದ ತುಂಬಿದ್ದ ಡಬ್ಬಿಯಲ್ಲಿ ಅದು ಹಿಡಿಯಲಿಲ್ಲ.

"ಕಲ್ಲು ಹಾಕಿದ್ರೆ ಅವನ ಸಸಿ ಏಳುತ್ತಾ?" ಎಂದಳು, ಅವನ ಕೆಸರುಗಾಲನ್ನು ನೋಡಿದ್ದ ಹೆಂಡತಿ. "ಈಗಲೇ ಹೋಗಿ ನಿಜ ಹೇಳಿ, ನೀರು ಬಿಡಿ. ಇನ್ನೂ ಹೊತ್ತಿದೆ."

ಅವನು ಕೈಯಲ್ಲಿದ್ದ ಕಲ್ಲನ್ನು ನೋಡಿದ. ಒಳಗೆ ಏನೂ ಚುಚ್ಚಲಿಲ್ಲ.

"ಬೇರೆ ಡಬ್ಬಿ ಇದ್ದರೆ ಕೊಡು," ಎಂದ.