ಮೂಗಿನ ಭಾರ

ರಾಲ್ಫ್‌ನ ಕೈಯಲ್ಲಿದ್ದ ಬಟ್ಟಲು ಕಟಕಟ ನಡುಗಿ ಅರ್ಧ ಚಹಾ ತಟ್ಟೆಗೆ ಚೆಲ್ಲಿತು. ಡೆಸ್ಮಂಡ್ ಆ ಬೆರಳುಗಳನ್ನೇ ದಿಟ್ಟಿಸಿದ. ಈ ಕೈ ಪುಟ್ಟ ವಿಮಾನದ ಮೇಲೆ ಕೂದಲೆಳೆಯಂಥ ಗೆರೆ ಎಳೆಯುತ್ತದೆಯೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿಯವನಲ್ಲ ಡೆಸ್ಮಂಡ್.

ಲಿಂಕನ್ ನಗರದ ಪಕ್ಕದ ಆ ಊರಿನ ಮಾದರಿ ವಿಮಾನ ಸಂಘದ ವಾರ್ಷಿಕ ಸ್ಪರ್ಧೆಯ ಬೆಳ್ಳಿ ಫಲಕ ಹದಿನಾಲ್ಕು ವರ್ಷ ಅವನ ಮನೆಯ ಗೋಡೆಯ ಮೇಲಿತ್ತು. ಕಳೆದ ಆರು ವರ್ಷದಿಂದ ರಾಲ್ಫ್‌ನ ಮನೆಯಲ್ಲಿದೆ. ಗೋಡೆಯ ಮೇಲಿನ ಖಾಲಿ ಮೊಳೆ ಕಂಡಾಗಲೆಲ್ಲ ಡೆಸ್ಮಂಡ್‌ನ ಎದೆ ಚುರ್ರೆನ್ನುತ್ತಿತ್ತು.

ಈ ಸಲ ಎಲ್ಲರಿಗೂ ಜೋಡಿಸಲು ಒಂದೇ ಬಗೆಯ, ನಲವತ್ತು ವರ್ಷ ಹಳೆಯ ಪೆಟ್ಟಿಗೆ: ಮೀಟಿಯರ್ ಯುದ್ಧ ಜೆಟ್‌ನ ಬಿಡಿಭಾಗಗಳು. ಪ್ಲಾಸ್ಟಿಕ್ ಸೊಟ್ಟಗಾಗಿತ್ತು, ರೆಕ್ಕೆ ಮೈಗೆ ಕೂಡುತ್ತಿರಲಿಲ್ಲ. ಸಾಲದ್ದಕ್ಕೆ ಹಿಂಭಾರದ ವಿಮಾನ. ಮೂಗಿನೊಳಗೆ ಸೀಸ ತುಂಬಿ ಅಂಟಿಸದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಡೆಸ್ಮಂಡ್ ತನ್ನ ಮೀನುಗಾಳದ ಸೀಸದ ಗುಂಡುಗಳಿಗಾಗಿ ಹುಡುಕಿದ್ದ. ಡಬ್ಬಿ ಖಾಲಿ. ಸಿಕ್ಕ ಎರಡು ಮೊಳೆ ತುರುಕಿ ಮೂಗು ಮುಚ್ಚಿದ್ದ. ಹೇಗೋ ನಿಂತಿತ್ತು.

"ಮೂಗಿಗೆ ಅಷ್ಟು ಭಾರ ಸಾಕಾ?" ಎಂದಿದ್ದಳು ಹೆಂಡತಿ ಮಾವಿಸ್, ಅವನು ತಿಂದೆಸೆದ ಚಾಕೊಲೇಟಿನ ಬೆಳ್ಳಿಕಾಗದವನ್ನು ಉಗುರಿನಿಂದ ನೀವಿ ಮಡಿಸುತ್ತ. ಪ್ರತಿ ಮಂಗಳವಾರ ಚರ್ಚಿನಲ್ಲಿ ಹೂವಿನ ಅಲಂಕಾರ, ಅದಕ್ಕೆ ಬೇಕಂತೆ.

"ನೀನು ಕೆಟಲ್ ನೋಡ್ಕೋ. ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ." ಮದುವೆಯಾದ ಹೊಸದರಲ್ಲಿ ಅವಳೊಮ್ಮೆ ಕುಂಚ ಮುಟ್ಟಿದಾಗಲೂ ಅವನು ಇದನ್ನೇ ಹೇಳಿದ್ದ.

"ಸರಿ ಬಿಡು, ನಾನ್ಯಾಕೆ ಬಾಯಿ ಹಾಕ್ಲಿ" ಎಂದು ಎದ್ದು ಹೋಗಿದ್ದಳು.

ಈಗ ಸಂಘದ ಸಭಾಂಗಣದ ಮೇಜಿನ ಮೇಲೆ ಅವನ ಮತ್ತು ರಾಲ್ಫ್‌ನ ಮೀಟಿಯರ್‌ಗಳು ಅಕ್ಕಪಕ್ಕ ನಿಂತಿದ್ದವು. ರಾಲ್ಫ್‌ನದರ ಪೈಲಟ್ ಸೀಟಿನ ಮೇಲೆ ದಾರದಷ್ಟು ಸಣ್ಣ ಬೆಳ್ಳಿಕಾಗದದ ಬೆಲ್ಟ್‌ಗಳು, ಬಕಲ್ ಸಮೇತ. ಡೆಸ್ಮಂಡ್‌ಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಮಾವಿಸ್ ಚಹಾದ ದೊಡ್ಡ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟಳು, ತುಸು ಜೋರಾಗಿಯೇ. ಅವನ ಮೀಟಿಯರ್ ಮೂಗೆತ್ತಿ ಬಾಲದ ಮೇಲೆ ಕೂತಿತು.

"ಪಾಪ, ಸುಸ್ತಾಗಿರ್ಬೇಕು ಅದಕ್ಕೆ" ಎಂದ ರಾಲ್ಫ್. ಜನ ಕಿಸಕ್ಕೆಂದರು.

ಡೆಸ್ಮಂಡ್‌ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಧ್ಯಕ್ಷರೇ! ಬಟ್ಟಲು ಹಿಡಿಯೋಕಾಗದವನು ಇದನ್ನ ಮಾಡಿದ್ನಾ? ರಾಲ್ಫ್, ದೇವರ ಮೇಲೆ ಆಣೆ ಇಟ್ಟು ಹೇಳು, ನೀನೇ ಮಾಡಿದ್ದಾ?"

ರಾಲ್ಫ್ ತನ್ನ ಕೈಗಳನ್ನೊಮ್ಮೆ ನೋಡಿಕೊಂಡ. "ಇಲ್ಲಪ್ಪ. ಆರು ವರ್ಷದಿಂದ ಈ ಕೈಲಿ ಅಂಗಿ ಗುಂಡಿ ಹಾಕೋಕೂ ಆಗಲ್ಲ. ನಮ್ಮನೆ ಹಿಂದಿನ ಶೆಡ್ಡಲ್ಲಿ ನಾನು ಪೇಪರ್ ಓದ್ತೀನಿ, ಕೆಲಸ ಬೇರೆಯವ್ರದು. ತಮ್ಮ ಹೆಸರು ಬೇಡ ಅಂದ್ರು, ನಂದು ಹಾಕ್ದೆ. ತಪ್ಪೇ. ಆದ್ರೆ ಪ್ರತಿ ವರ್ಷ ನಿನ್ನ ಮುಖ ನೋಡೋ ಮಜಾ ಬಿಡೋಕಾಗ್ಲಿಲ್ಲ."

ಡೆಸ್ಮಂಡ್ ಒಂದು ಗೇಣು ಎತ್ತರವಾದ. ಉದಾರಿಯೂ ಆದ. "ಕೇಳಿದ್ರಲ್ಲ? ಫಲಕದ ಮೇಲೆ ಆರು ವರ್ಷದಿಂದಿರೋ ಇವನ ಹೆಸರು ಅಳಿಸಿ! ಮಾಡಿದ ಕೈ ಯಾರದೋ ಅವರ ಹೆಸರು ಕೆತ್ತಿಸಿ, ಅವರ ಮನೆ ಗೋಡೆಗೆ ಹಾಕಿಸಿ. ಎಲ್ಲರಿಗಿಂತ ಮೊದಲು ನಾನೇ ಚಪ್ಪಾಳೆ ತಟ್ತೀನಿ."

"ಒಪ್ಪುವವರು ಕೈ ಎತ್ತಿ" ಎಂದರು ಅಧ್ಯಕ್ಷರು. ಎಲ್ಲ ಕೈಗಳೂ ಎದ್ದವು, ರಾಲ್ಫ್‌ನ ನಡುಗುವ ಕೈಯೂ. ಅಧ್ಯಕ್ಷರು ಫಲಕ ಹಿಡಿದು ಸುತ್ತ ನೋಡಿದರು. "ಹಾಗಾದ್ರೆ ಯಾರವರು? ಇಲ್ಲಿದ್ರೆ ಮುಂದೆ ಬನ್ನಿ."

ಮಾವಿಸ್ ಏಪ್ರನ್ ಬಿಚ್ಚಿ ಡೆಸ್ಮಂಡ್‌ನ ಕೈಗಿತ್ತಳು. "ಒಂಚೂರು ಕೆಟಲ್ ನೋಡ್ಕೋ, ಬಂದೆ."