ಎರಡು ಸಾವಿರದ ಏಳೋ, ಇಪ್ಪತ್ತೆರಡೋ?

“ತಪ್ಪು ರೀ. ಪೂರಾ ತಪ್ಪು,” ಎಂದಳು ಪ್ರಿಯಂವದಾ, ತನ್ನನ್ನು ನೋಡಲು ಬಂದಿದ್ದ ವರನಿಗೆ.

ದನಿ ತುಸು ಜೋರಾಯಿತು. ಮಾಳಿಗೆಯ ಕೆಳಗೆ, ನಡುಮನೆಯಲ್ಲಿ, ಹಿರಿಯರ ಮಾತು ಗಕ್ಕನೆ ನಿಂತಿತು.

“ಮೆಲ್ಲಗ ಮಾತಾಡ್ರಿ,” ಎಂದ ಸುಮಧ್ವ. “ನಮ್ಮಮ್ಮ ಆಗ್ಲೇ ಎದ್ದು ಹೋಗ್ಲಿಕ್ಕೆ ಚಪ್ಪಲಿ ಹುಡುಕ್ಲಿಕ್ಕತ್ತಿರ್ತಾಳ.”

“ಮೆಲ್ಲಗ ಹೇಳಿದ್ರೂ ತಪ್ಪು ತಪ್ಪೇ.”

ಹಾಗೆ ನೋಡಿದರೆ ಅವಳು ಮಾಳಿಗೆ ಹತ್ತಿದ್ದು ಜಗಳಕ್ಕಲ್ಲ, ‘ಬ್ಯಾಡ’ ಅನ್ನಲಿಕ್ಕೆ. ಕಂಪ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುವ ಅವಳನ್ನು ನೋಡಲು ಹೊಸಪೇಟೆಯ ಈ ಮನೆಗೆ ಅದೆಷ್ಟೋ ಮಂದಿ ಬಂದು ಹೋಗಿದ್ದರು. ಒಬ್ಬ ಅವಳು ಹೇಳಿದ್ದಕ್ಕೆಲ್ಲ ಗೋಣು ಹಾಕಿದ. ಇನ್ನೊಬ್ಬ ಅವಳು ಬಾಯಿ ತೆರೆಯುವ ಮೊದಲೇ ತಿದ್ದಿದ. ಕೊನೆಗೆ ರೋಸಿಹೋಗಿ ತಾಯಿ ವಿಜಯಲಕ್ಷ್ಮಿಗೆ ಹೇಳಿಬಿಟ್ಟಿದ್ದಳು: “ನನ್ನ ಜೋಡಿ ಜಗಳಾಡಬೇಕು, ಸೋತ್ರ ನಗಬೇಕು. ಅಂಥವನ್ನ ಹುಡುಕು, ಕಣ್ಣು ಮುಚ್ಚಿ ಹೂಂ ಅಂತೀನಿ.”

“ಅದನ್ನ ಜಾತಕದಾಗ ಹೆಂಗ ಹುಡುಕ್ಲೆ, ಪ್ರಿಯಾ?” ಎಂದಿದ್ದಳು ತಾಯಿ.

ಆಮೇಲೆ ಬಹಳ ದಿನ ಗಂಡಿನ ಮಾತೇ ಎತ್ತಲಿಲ್ಲ. ಬಿಡುವಾದಾಗಲೆಲ್ಲ ಮೊಬೈಲು ಹಿಡಿದು ಕೂರುತ್ತಿದ್ದಳು. ಕೇಳಿದರೆ, ಭಜನಾ ಮಂಡಳಿಯ ಗುಂಪು ಎನ್ನುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಈ ಸಂಬಂಧ ತಂದಳು. ಸಂಡೂರಿನವನು, ಉಕ್ಕಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ.

“ಭಾಳ ಛಲೋ ಹುಡುಗ.”

“ನೀ ನೋಡಿದೀ ಏನು?”

“ಮುಖ ನೋಡಿಲ್ಲ,” ಎಂದು ತಾಯಿ ಅಡುಗೆಮನೆಗೆ ಹೋದಳು.

ಮುಖ ನೋಡದೆ ತಂದ ಗಂಡಿಗೆ ಏನು ಹೇಳಬೇಕೆಂದು ಪ್ರಿಯಂವದಾ ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ‘ನೀವು ಒಳ್ಳೆಯವ್ರೇ, ಆದ್ರ...’ ಎಂದು ಶುರುಮಾಡುವ ಹೊತ್ತಿಗೆ ಅವನ ಮೊಬೈಲು ಬೆಳಗಿತು. ಪರದೆಯ ತುಂಬ ಜಪಾನಿನ ಶಾಲೆಯ ಖಾಲಿ ತರಗತಿ, ಕಿಟಕಿಯ ಬದಿಯ ಬೆಂಚು, ಸಂಜೆ ಬಿಸಿಲು. ಜಪಾನಿ ಕಾರ್ಟೂನಿನ ಚಿತ್ರ.

“ಅನಿಮೆ ನೋಡ್ತೀರೇನು?”

“ಹೈಸ್ಕೂಲು ಕಾಮಿಡಿ ಅಷ್ಟ,” ಎಂದ, ಕಳ್ಳ ಸಿಕ್ಕಿಬಿದ್ದಂತೆ. “ಹೊಡೆದಾಟದ್ದು ನನಗ ಸೇರಂಗಿಲ್ಲ.”

ಅವಳಿಗೂ ಸೇರುತ್ತಿರಲಿಲ್ಲ. ಕೊರೋನಾ ಕಾಲದಲ್ಲಿ ಅವಳು ಟಿ.ವಿ.ಯಲ್ಲಿ ದಿನವಿಡೀ ನೋಡಿದ್ದು ಇವನ್ನೇ. ಪಕ್ಕದಲ್ಲಿ ತಾಯಿ ಹೂಬತ್ತಿ ಹೊಸೆಯುತ್ತ, “ಏನೋಮ್ಮಾ, ಗೊಂಬಿ ಹುಡುಗ್ಯಾರ ಕಿಸಿಕಿಸಿ” ಎಂದು ಗೊಣಗುತ್ತಿದ್ದಳು, ಆದರೆ ಎದ್ದು ಹೋಗುತ್ತಿರಲಿಲ್ಲ.

‘ನೀವು ಒಳ್ಳೆಯವ್ರೇ’ ಅಲ್ಲಿಗೇ ನಿಂತಿತು. ಜಗಳ ಶುರುವಾಯಿತು.

ಸುಮಧ್ವನ ಪ್ರಕಾರ 2007ರ ಆಸುಪಾಸಿನವಕ್ಕೆ ಸಾಟಿಯಿಲ್ಲ. “ಆಗಿನವು ಆರಾಮ ರೀ. ಛತ್ರಿ ಯಾರದು ಅಂತ ಇಡೀ ಸಂಚಿಕಿ ವಾದ ಮಾಡ್ತಾರ. ಕಥಿನೇ ಇಲ್ಲ. ಕಡೀಗೆ ಶಾಲಿ ಬಿಡೋ ದಿನ ಬರ್ತದ, ನಮ್ಮ ಕಣ್ಣಾಗ ನೀರು. ಯಾಕಂತ ನಮಗೂ ತಿಳಿಯಂಗಿಲ್ಲ.”

“ಕಣ್ಣೀರು ಬರ್ತದ ಖರೆ, ಕಾದು ಕಾದು!” ಎಂದಳು ಅವಳು. “ಆ ಹುಡುಗ ಮೊದಲನೇ ದಿನದಿಂದ ಆಕಿನ್ನ ಇಷ್ಟಪಡ್ತಾನ. ಬಾಯಿ ಬಿಡೋದು ಕಟ್ಟಕಡೀಗೆ. ಅದೂ ರೈಲು ಹೋಗೋ ಸಪ್ಪಳದಾಗ ಆಕಿಗೆ ಕೇಳಸಂಗಿಲ್ಲ. ಈಗ 2022ರದು ನೋಡ್ರಿ. ಮೊದಲನೇ ಸಂಚಿಕಿಗೇ ಹೇಳಿಬಿಡ್ತಾರ. ನಗಿ ಇರೋದು ಆಮ್ಯಾಲೆ.”

“ಹೇಳಿದ ಮ್ಯಾಲೆ ಏನು ಮಜಾ ಉಳೀತದ?”

“ಹೇಳದ ಇದ್ರ ತಿಳಿಯೋದು ಹೆಂಗ್ರೀ?”

ಸುಮಧ್ವ ದೂರದ ಜಂಬುನಾಥನ ಗುಡ್ಡದ ಕಡೆ ನೋಡಿದ. ಆಮೇಲೆ ಹೊಟ್ಟೆ ತುಂಬ ನಕ್ಕ.

“ಈ ಮಾತಿಗೆ ನಾ ಸೋತೆ. ಹಂಗಾದ್ರ ಹೇಳೇಬಿಡ್ತೀನಿ. ನೀವು ನನಗ ಹಿಡಿಸಿದ್ರಿ. ಆದ್ರ 2007 ಬಿಟ್ಟುಕೊಡಂಗಿಲ್ಲ.”

ಪ್ರಿಯಂವದಾಳ ಕೆನ್ನೆ ಬಿಸಿಯಾಯಿತು. ಬಾಯಿಪಾಠ ಮಾಡಿದ್ದ ವಾಕ್ಯ ಹುಡುಕಿದರೂ ಸಿಗಲಿಲ್ಲ. ಹುಡುಕುವ ಮನಸ್ಸೂ ಇರಲಿಲ್ಲ.

“ಹಂಗಾದ್ರ ಇದು ಬಗೆಹರಿಯೋದು ಹೆಂಗ?” ಎಂದಳು ಮೆಲ್ಲಗೆ.

“ನಮ್ಮ ಕನ್ನಡ ಅನಿಮೆ ಗುಂಪಿನಾಗ ಒಬ್ಬಾತ ಅದಾನ. ‘ಕೊನೆ ಬೆಂಚು’ ಅಂತ ಹೆಸರು. ಹಳೇದು ಹೊಸಾದು ಎಲ್ಲಾ ಅರೆದು ಕುಡಿದಾನ. ವರ್ಷದಿಂದ ನನ್ನ ಜೋಡಿ ವಾದ ಹಾಕ್ತಾನ. ಸಿಟ್ಟು ಬರ್ಲಿ ಅಂತ ಬೇಕಂತ ಕೆಣಕ್ತಾನ, ನಾ ಸೋತು ನಕ್ರ ಖುಷಿ ಪಡ್ತಾನ. ಆತನ ಮಾತೇ ಕಡೀ ಮಾತು.”

“ಯಾವ ಊರಾತ?”

“ಹೇಳಂಗಿಲ್ಲ. ನನ್ನ ಊರು, ಮನಿ, ಗೋತ್ರ ಎಲ್ಲಾ ಕೇಳ್ಯಾನ, ತನ್ನದು ಮಾತ್ರ ಗುಟ್ಟು. ಮುಂಜಾನಿ ಸಿಗೋದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಮಾತ್ರ ಇಡೀ ದಿನ ಬಿಡುವು. ಶಿಫ್ಟಿನ ಕೆಲಸ ಇರಬೇಕು.”

ಅವನು ಟೈಪಿಸಿದ: ‘ಅಣ್ಣಾ, ಅರ್ಜೆಂಟ್. 2007ರ ಹೈಸ್ಕೂಲು ಕಾಮಿಡಿ ಮೇಲೋ, 2022ರದೋ? ಜೀವನದ ಪ್ರಶ್ನೆ.’

ಇಬ್ಬರೂ ಪರದೆಯ ಮೇಲೆ ಬಗ್ಗಿದರು. ಕೆಳಗೆ ಹಿರಿಯರ ಮಾತು ಮತ್ತೆ ಹತ್ತಿಕೊಂಡಿತ್ತು. ಮೆಟ್ಟಿಲ ಬುಡದಲ್ಲಿ ಬಳೆಯ ಸದ್ದಾಯಿತು, ನಿಂತಿತು. ‘ಕೊನೆ ಬೆಂಚು’ ಟೈಪಿಸುತ್ತಿರುವ ಗುರುತು ಮೂಡಿತು, ಅಳಿಯಿತು, ಮತ್ತೆ ಮೂಡಿತು.

ಉತ್ತರ ಬಂತು.

‘ಈ ಸಲ ನೀ ಸೋತಿ, ಸುಮಧ್ವ. ಪ್ರಿಯಾ, ಅವರನ್ನ ಕರ್ಕೊಂಡು ಜಲ್ದಿ ಕೆಳಗ ಬಾ, ಮಿರ್ಚಿ ಭಜಿ ಆರ್ಲಿಕ್ಕತ್ತಾವ.’